ಮೂರನೆಯ ಸಲ ಕೇಳುವವರೆಗೆ

ನೋರ್ಡಾಲ್ ಊರಿನಲ್ಲಿ ಯಾರಾದರೂ ಕಾಫಿ ಬೇಕೇ ಎಂದು ಕೇಳಿದರೆ ಬೇಡ ಎನ್ನಬೇಕು. ಎರಡನೆಯ ಸಲ ಕೇಳಿದಾಗಲೂ ಬೇಡ, ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ಮಾಡಿದ್ದೇ ಇದ್ದರೆ ಅರ್ಧ ಕಪ್ಪು ಕೊಡಿ ಎಂದು ಎರಡು ಕಪ್ಪು ಕುಡಿಯಬೇಕು. ಮೊದಲ ಸಲವೇ ಹೂಂ ಅಂದವರನ್ನು ಯಾರೂ ಬೈಯುವುದಿಲ್ಲ. "ಅವರದ್ದು ಸ್ವಲ್ಪ ಬೇರೆ ಥರ" ಎನ್ನುತ್ತಾರೆ, ಅಷ್ಟೇ. ಅದಕ್ಕಿಂತ ದೊಡ್ಡ ಬೈಗುಳ ಅಮೆರಿಕದ ಮಿನ್ನೆಸೋಟದ ಆ ಪಡುವಣ ಬಯಲಿನಲ್ಲಿ ಇನ್ನೂ ಹುಟ್ಟಿಲ್ಲ. ಚರ್ಚಿನ ನೆಲಮಾಳಿಗೆಯ ಊಟಗಳಲ್ಲಿ ಕೇಕಿನ ಕೊನೆಯ ತುಂಡಿಗೂ ಇದೇ ಗತಿ. ಒಬ್ಬರು ಅದರಲ್ಲಿ ಅರ್ಧ ಕತ್ತರಿಸಿಕೊಂಡು ಹೋಗುತ್ತಾರೆ, ಇನ್ನೊಬ್ಬರು ಉಳಿದ ಅರ್ಧದಲ್ಲಿ ಅರ್ಧ. ಕೊನೆಗೆ ಉಗುರಿನಷ್ಟು ಉಳಿದದ್ದು ಯಾರೂ ಮುಟ್ಟದೆ ತಟ್ಟೆಯಲ್ಲೇ ಒಣಗುತ್ತದೆ.

ಆರ್ಡಿಸ್ ಕ್ವಾಮಿ ಈ ನಿಯಮದಲ್ಲೇ ಹುಟ್ಟಿ ಬೆಳೆದವಳು, ಈ ನಿಯಮದ ಮೇಲೇ ರಾಜಕೀಯ ಮಾಡಿದವಳು. ಶಾಲಾ ಮಂಡಳಿಗೆ ನಿಲ್ಲು ಎಂದು ಊರಿನವರು ಮೂರು ಸಲ ಕೇಳಿದ ಮೇಲೆ ನಿಂತಳು. ರಾಜ್ಯದ ಶಾಸನಸಭೆಗೂ ಹಾಗೆಯೇ. ಹಳೆಯ ಸಂಸದ ತೀರಿಕೊಂಡಾಗ, ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ ನಿಲ್ಲಬೇಕೆಂದು ಕೇಳಲು ಬಂದ ಹಿರಿಯರು ಒಂದೇ ಮಧ್ಯಾಹ್ನ ಅವಳ ಅಂಗಳಕ್ಕೆ ಮೂರು ಸಲ ಕಾರು ತಂದರು. ನಡುವೆ ಎರಡು ಸಲ ಪೆಟ್ರೋಲ್ ಬಂಕಿನವರೆಗೆ ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ವಾಪಸು ಬಂದರು. ಆಮೇಲೆ ಎರಡು ವರ್ಷಕ್ಕೊಮ್ಮೆ ಚುನಾವಣೆ, ಎರಡು ವರ್ಷಕ್ಕೊಮ್ಮೆ ಇದೇ ಉಪಚಾರ. ಭಾಷಣದ ಕೊನೆಯಲ್ಲಿ ಅವಳು ತಪ್ಪದೆ, "ನನ್ನ ಎದುರಾಳಿಯೂ ಒಳ್ಳೆ ಮನುಷ್ಯನೇ, ನೀವೇ ಯೋಚನೆ ಮಾಡಿ" ಎನ್ನುತ್ತಿದ್ದಳು. ಜನ ಯೋಚನೆ ಮಾಡಿ ಅವಳಿಗೇ ಮತ ಹಾಕುತ್ತಿದ್ದರು.

ಯಾವ ಪಕ್ಷ ಎಂದು ಕೇಳಬೇಡಿ. ಆಚೆ ಪಕ್ಷದವರು ಅವಳನ್ನು ಶತ್ರು ಎನ್ನುತ್ತಿದ್ದರು, ಸ್ವಂತ ಪಕ್ಷದವರು ಆಚೆ ಪಕ್ಷದ ನೆಂಟಳು ಎನ್ನುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವವಳು ಎಂದು ಇಬ್ಬರೂ ಹಂಗಿಸುತ್ತಿದ್ದರು. ಅಡ್ಡಗೋಡೆಯ ಮೇಲಿಟ್ಟರೆ ಎರಡು ಕೋಣೆಗೂ ಬೆಳಕಾಗುತ್ತದೆ ಎಂಬುದು ಈ ಜಾಣರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಈಗ ಅವಳ ಕೈಯಲ್ಲಿ ಅರ್ಧ ಬೆಂದ ಮಸೂದೆಯೊಂದಿತ್ತು. ನೋರ್ಡಾಲ್ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಿ ಕೆಲವು ವರ್ಷಗಳಾಗಿದ್ದವು. ಬಯಲಿನ ಉದ್ದಕ್ಕೂ ಸಣ್ಣ ಊರುಗಳ ವಾರ್ಡುಗಳು ಹೀಗೇ ಒಂದೊಂದಾಗಿ ಬಾಗಿಲು ಹಾಕಿಕೊಂಡಿದ್ದವು. ಬಸುರಿಯರು ಹಿಮ ಸುರಿಯುವ ಹೆದ್ದಾರಿಯಲ್ಲಿ ಎರಡು ಗಂಟೆ ಹೋಗಬೇಕಿತ್ತು. ಆರ್ಡಿಸಳ ಬಾಲ್ಯದ ಗೆಳತಿ ಲಾವೊನ್, ಚರ್ಚಿನ ಅಡುಗೆಮನೆಯನ್ನು ಆಳುವವಳು. ಅವಳ ಮೊಮ್ಮಗಳು ಹಿಂದಿನ ಚಳಿಗಾಲ ರಸ್ತೆ ಬದಿಯಲ್ಲಿ, ಟ್ರಕ್ಕಿನ ಮುಂದಿನ ಸೀಟಿನಲ್ಲೇ ಹೆತ್ತಿದ್ದಳು. ಕೂಸು ಉಳಿದದ್ದು ದೇವರ ದಯೆ. ಅಂಥ ವಾರ್ಡುಗಳನ್ನು ಮತ್ತೆ ತೆರೆಸುವ ಮಸೂದೆಯನ್ನು ಆರ್ಡಿಸ್, ಆಚೆ ಪಕ್ಷದ ಟೆಕ್ಸಸ್ಸಿನ ಮುದುಕ ಎಲ್ರಾಯ್ ಬೂತ್ ಜೊತೆ ಸೇರಿ ಬರೆದಿದ್ದಳು. ಸಮಿತಿಯಲ್ಲಿ ಅದು ಕೂದಲೆಳೆಯಲ್ಲಿ ಗೆದ್ದಿತ್ತು. ಈ ಅವಧಿಯಲ್ಲಿ ಪೂರ್ತಿ ಸಭೆಯ ಮುಂದೆ ಬರುವ ಹಾಗಿರಲಿಲ್ಲ, ಮುಂದಿನ ಅವಧಿಯಲ್ಲಿ ಮತ್ತೆ ಮಂಡಿಸಬೇಕಿತ್ತು. ಅಷ್ಟರಲ್ಲಿ ಅವಳು ಅಲ್ಲಿ ಇಲ್ಲದೆ ಹೋದರೆ ಅದನ್ನು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ.

ಹಾಗಿರುವಾಗ ಜನವರಿಯಲ್ಲಿ ಪಕ್ಷದ ವಾರ್ಷಿಕ ಊಟ ಬಂತು.

ಜಿಲ್ಲಾ ಘಟಕಕ್ಕೆ ಹೊಸ ಅಧ್ಯಕ್ಷ ಬಂದಿದ್ದ. ಟ್ರೆವರ್ ಡಿಮಾರ್ಕೊ ಎಂದು ಹೆಸರು. ಊರು ನ್ಯೂಜೆರ್ಸಿ, ನೋರ್ಡಾಲಿನ ಹುಡುಗಿ ಕಾರಿಯನ್ನು ಮದುವೆಯಾಗಿ ಇಲ್ಲೇ ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ. ಒಳ್ಳೆಯ ಹುಡುಗ, ಮೈಯೆಲ್ಲ ಉತ್ಸಾಹ. ಊಟ ಮುಗಿಯುತ್ತಿದ್ದಂತೆ ಮೈಕು ಹಿಡಿದು ನಿಂತ.

"ಆರ್ಡಿಸ್ ಮೇಡಂ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಈ ಸಲವೂ ನಿಲ್ತೀರಾ?"

"ಅಯ್ಯೋ, ನಾನು ಕೂತಿದ್ದು ಸಾಕಾಯ್ತಲ್ಲಪ್ಪ," ಎಂದಳು ಆರ್ಡಿಸ್. "ನನಗಿಂತ ಚಿಕ್ಕೋರು, ಚುರುಕಾದೋರು ಯಾರಾದ್ರೂ ಇರ್ತಾರೆ ಬಿಡಿ."

ಸಭೆಗೆ ಸಮಾಧಾನವಾಯಿತು. ಲಕ್ಷಣವಾದ ಮೊದಲನೆಯ ಬೇಡ. ಲಾವೊನ್ ತನ್ನ ತಟ್ಟೆಯ ಕಡೆಗೆ ನೋಡುತ್ತ ತಲೆಯಾಡಿಸಿದಳು. ಎಲ್ಲರೂ ಎರಡನೆಯ ಸಲ ಕೇಳುವುದನ್ನು ಕಾಯುತ್ತ ಕೂತರು. ಟ್ರೆವರ್ ಕೇಳಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು.

"ಎಂಥಾ ದೊಡ್ಡ ಮನಸ್ಸು ನೋಡಿ! ಕುರ್ಚಿ ತಾನಾಗೇ ಬಿಟ್ಟುಕೊಡೋರು ಈ ಕಾಲದಲ್ಲಿ ಯಾರಿದ್ದಾರೆ? ಏಳಿ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿ!"

ಎಲ್ಲರೂ ಎದ್ದರು. ಏಳದೆ ಕೂತರೆ ಮರ್ಯಾದೆಯಲ್ಲ. ಅವನು ತಪ್ಪು ತಿಳಿದ ಎಂದು ಎಲ್ಲರೆದುರು ಹೇಳುವುದಂತೂ ಮರ್ಯಾದೆಯೇ ಅಲ್ಲ. ಹಾಗಾಗಿ ಇಡೀ ಸಭೆ ಕಂಗಾಲಾಗಿ ಚಪ್ಪಾಳೆ ತಟ್ಟಿತು. ಎಲ್ಲರೂ ನಿಂತಿರುವಾಗ ತಾನೊಬ್ಬಳೇ ಕೂತಿರುವುದು ಹೇಗೆಂದು ಆರ್ಡಿಸ್ ಕೂಡ ಎದ್ದಳು, ಎದ್ದು ತನ್ನ ರಾಜಕೀಯದ ಸಾವಿಗೆ ತಾನೇ ಚಪ್ಪಾಳೆ ತಟ್ಟಿದಳು.

ಮನೆಗೆ ಹೋಗುವ ದಾರಿಯಲ್ಲಿ ಗಂಡ ವೆಂಡೆಲ್ ರಸ್ತೆಯ ಮೇಲೇ ಕಣ್ಣಿಟ್ಟು ಕಾರು ಓಡಿಸಿದ. ಕೊನೆಗೆ, "ಚಪ್ಪಾಳೆ ಜೋರಾಗೇ ಇತ್ತು," ಎಂದ.

"ಹೂಂ," ಎಂದಳು ಆರ್ಡಿಸ್.

ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಹೆದ್ದಾರಿಯ ಪಕ್ಕ ಬ್ರಾಡಿ ಸ್ಟೆನ್ಸ್‌ಲ್ಯಾಂಡನ ಬ್ಯಾನರುಗಳು ಎದ್ದವು. ಬ್ರಾಡಿ ದೋಣಿ ಮಾರುವವನು, ರೇಡಿಯೋದಲ್ಲಿ ಕಿರುಚುವವನು, ಇದೇ ಊರಿನಲ್ಲಿ ಹುಟ್ಟಿದವನು, ಅವಳದೇ ಪಕ್ಷದವನು. ಮೊದಲನೆಯ ಬೇಡಕ್ಕೆ ಏನು ಅರ್ಥ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೊನೆಯ ತುಂಡಿಗೆ ಕೈ ಹಾಕಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ ಇಟ್ಟುಕೊಂಡಿದ್ದನೋ ಏನೋ, ಇಲ್ಲದಿದ್ದರೆ ಒಂದು ರಾತ್ರಿಯಲ್ಲಿ ಅಷ್ಟು ಬ್ಯಾನರು ಎಲ್ಲಿಂದ ಬರಬೇಕು? 'ರಾಜಿ ಇಲ್ಲ' ಎಂಬುದು ಅವನ ಘೋಷಣೆ. ನಡೆಸಲಾಗದ ಆಸ್ಪತ್ರೆಗಳು ಮುಳುಗಲಿ, ತೂತು ಬಿದ್ದ ದೋಣಿಗೆ ಸರ್ಕಾರ ಯಾಕೆ ತೇಪೆ ಹಾಕಬೇಕು ಎಂದು ರೇಡಿಯೋದಲ್ಲಿ ಕೇಳಿದ.

ಆರ್ಡಿಸ್ ಫೋನೆತ್ತಿ, ನಾನು ಬೇಡ ಅಂದದ್ದು ಉಪಚಾರಕ್ಕೆ ಎನ್ನಬಹುದಿತ್ತು. ಎನ್ನಲಿಲ್ಲ. ಹಾಗೆಂದರೆ ಆ ಹುಡುಗ ಟ್ರೆವರನ ಮಾನ ಹೋಗುತ್ತದೆ ಎಂದುಕೊಂಡಳು. ಕುರ್ಚಿಗೆ ಅಂಟಿಕೊಂಡ ಮುದುಕಿ ಎಂದು ಜನ ಆಡಿಕೊಳ್ಳುತ್ತಾರೆ ಎಂದುಕೊಂಡಳು. ಯಾರಾದರೂ ಎರಡನೆಯ ಸಲ ಕೇಳಲಿ ಎಂದು ದಿನವೂ ಕಾದಳು. ಊರಿನವರೋ, ಸಾವಿನ ಮನೆಗೆ ತರುವ ಹಾಗೆ ಮುಚ್ಚಿದ ಪಾತ್ರೆಗಳಲ್ಲಿ ಬೇಯಿಸಿದ ಅಡುಗೆ ತಂದು ಬಾಗಿಲಲ್ಲಿಟ್ಟು, "ಇನ್ನು ಆರಾಮ ಅಲ್ವಾ" ಎಂದು ನೆಲ ನೋಡುತ್ತ ಹೇಳಿ ಹೋದರು. ಅವರಿಗೂ ಸಂಕೋಚ. ಅವಳು ನಿಜವಾಗಿಯೇ ಬಿಟ್ಟಿದ್ದರೆ, ಮತ್ತೆ ಕೇಳಿ ಪೀಡಿಸಿದ ಹಾಗಾಗುವುದಿಲ್ಲವೇ?

ಫೆಬ್ರವರಿಯಲ್ಲಿ ಲಾವೊನ್ ಬಂದಳು. ಆಲೂಗಡ್ಡೆಯ ಲೆಫ್ಸೆ ರೊಟ್ಟಿ ತಂದಿದ್ದಳು. ಬೆಣ್ಣೆ, ಸಕ್ಕರೆ ಸವರಿ ಸುರುಳಿ ಸುತ್ತುತ್ತ ಹವಾಮಾನದ ವಿಷಯ ಮಾತಾಡಿದಳು, ಮೊಮ್ಮಗಳು ಮತ್ತೆ ಬಸುರಿಯಾದ ವಿಷಯ ಹೇಳಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಇನ್ನು ಬೇಸಿಗೆಯೆಲ್ಲಾ ಕೆರೆ ಹತ್ರದ ಮನೇಲೇ ಇರ್ತೀಯೇನೋ," ಎಂದಳು.

ಅದು ಎರಡನೆಯ ಸಲ. ಆರ್ಡಿಸಳಿಗೆ ಅದು ತಿಳಿಯಿತು. ಇಲ್ಲ ಕಣೇ, ನನಗೆ ವಾಷಿಂಗ್ಟನ್ನಿಗೆ ಹೋಗಬೇಕು ಎಂದು ನಾಲಿಗೆಯ ತುದಿಗೆ ಬಂತು. ಆದರೆ ಅರವತ್ತಾರು ವರ್ಷದ ಅಭ್ಯಾಸ ಅವಳಿಗಿಂತ ಮೊದಲು ಬಾಯಿ ತೆರೆಯಿತು.

"ಹೌದೇನೋಪ್ಪ. ಮೀನು ಹಿಡ್ಕೊಂಡು ಇರೋದು."

"ಸರಿ ಹಾಗಾದ್ರೆ," ಎಂದಳು ಲಾವೊನ್. ಬಹಳ ಹೊತ್ತು ತನ್ನ ಏಪ್ರನ್ನಿನ ಅಂಚನ್ನೇ ಮಡಚುತ್ತ ಕೂತು, ಮೂರನೆಯ ಸಲ ಕೇಳದೆಯೇ ಎದ್ದು ಹೋದಳು. ಆರ್ಡಿಸ್ ಅಡುಗೆಮನೆಯಲ್ಲಿ ನಿಂತು ತನ್ನನ್ನೇ ಬೈದುಕೊಂಡಳು. ಬೈಗುಳ ಬರುತ್ತಿರಲಿಲ್ಲವಾದ್ದರಿಂದ ಅದೂ ಚೆನ್ನಾಗಿ ಆಗಲಿಲ್ಲ.

ವಾಷಿಂಗ್ಟನ್ನಿನಲ್ಲಿ ಎಲ್ರಾಯ್ ಬೂತ್ ಅವಳನ್ನು ಸಭೆಯ ಹೊರಗಿನ ಮೊಗಸಾಲೆಯಲ್ಲಿ ಹಿಡಿದ. ಆರಡಿ ಆಳು, ದನದ ಚರ್ಮದ ಬೂಟು, ದನಿ ಇನ್ನೂ ದೊಡ್ಡದು.

"ಏನವಾ ತಂಗಿ, ಬಿಟ್ಟು ಹೊಂಟೀ ಅಂತ ಸುದ್ದಿ. ಖರೇ ಏನು?"

"ಇಲ್ಲ ಎಲ್ರಾಯ್. ನಾನು ಉಪಚಾರಕ್ಕೆ ಬೇಡ ಅಂದೆ. ಅವನು ಮತ್ತೆ ಕೇಳಲಿಲ್ಲ."

ಬೂತ್ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಗೋಡೆಗೆ ಕೈ ಕೊಟ್ಟು ನಕ್ಕ. "ನಮ್ಮ ಕಡೆ ಬ್ಯಾಡ ಅಂದ್ರ ತಾಟ ಎತ್ತಿಬಿಡ್ತಾರ! ಬಾಯಿ ಬಿಟ್ಟು ಬೇಕು ಅನ್ನಲಿಕ್ಕೆ ಏನಾತು ನಿನಗ?"

"ನಮ್ಮಲ್ಲಿ ಹಾಗೆ ಅನ್ನಲ್ಲ. ಯಾರಾದ್ರೂ ಮೂರು ಸಲ ಕೇಳಬೇಕು."

ಅವನ ನಗು ನಿಂತಿತು. "ಹೆರಿಗಿ ಬ್ಯಾನಿ ಬಂದ ಹೆಣ್ಮಗಳು ಮೂರು ಸಲ ಕೇಳ್ಲಿ ಅಂತ ಕಾಯೂದಿಲ್ಲವಾ. ಒದರತಾಳ. ನೀನೂ ಒದರು. ನೀ ಹೋದ್ರ ಈ ಮಸೂದಿಗೆ ನಾ ಒಬ್ಬನ ಹೆಗಲು ಕೊಡಲಿಕ್ಕೆ ಆಗೂದಿಲ್ಲ. ನಮ್ಮವರು ನನ್ನ ಮಾತು ಕೇಳೂದು ಬಿಟ್ಟು ಭಾಳ ದಿನ ಆತು."

ಆ ಮಾತು ಅವಳಿಗೆ ನಾಟಿತು. ಆದರೂ ಮಾರ್ಚ್ ಕಳೆಯಿತು, ಬಾಯಿ ಬರಲಿಲ್ಲ. ಕಾರಣ ಇನ್ನೊಂದಿತ್ತು, ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಮಸೂದೆಗಾಗಿ ಮಾತ್ರ ಬೇಕು ಎಂದಿದ್ದರೆ ಹೇಳುವುದು ಸುಲಭ, ಅದು ಪರೋಪಕಾರ. ಅವಳಿಗೆ ಆ ಕೆಲಸವೇ ಬೇಕಾಗಿತ್ತು. ಆ ಮೊಗಸಾಲೆ, ಆ ಜಗಳ, ಬೆಳಿಗ್ಗೆ ಬೈದುಕೊಂಡವರು ಸಂಜೆ ಒಂದು ವಾಕ್ಯಕ್ಕೆ ಒಪ್ಪುವ ಗಳಿಗೆ, ಎಲ್ಲವೂ ಅವಳಿಗೆ ಪ್ರಾಣಕ್ಕಿಂತ ಇಷ್ಟ. ಅಷ್ಟು ಆಸೆ ಇಟ್ಟುಕೊಂಡ ಹೆಂಗಸು ಒಳ್ಳೆಯವಳೇ ಎಂಬ ಅನುಮಾನ ಅವಳನ್ನು ಕಾಡುತ್ತಿತ್ತು.

ಅಭ್ಯರ್ಥಿಯನ್ನು ಆರಿಸುವ ಜಿಲ್ಲಾ ಸಮಾವೇಶದ ಹಿಂದಿನ ಭಾನುವಾರ ವೆಂಡೆಲ್ ಗ್ಯಾರೇಜಿನಲ್ಲಿ ಮೀನಿನ ಗಾಳಗಳನ್ನು ಬಿಡಿಸುತ್ತ ಕೂತಿದ್ದ. ಅವಳು ಸುಮ್ಮನೆ ಬಾಗಿಲಿಗೆ ಒರಗಿ ನಿಂತಳು. ಅವನು ತಲೆ ಎತ್ತದೆ ಮಾತಾಡಿದ.

"ನಾನು ಮದುವೆ ಆಗ್ತೀಯಾ ಅಂತ ಕೇಳಿದಾಗ ನೀನು ಎರಡು ಸಲ ಬೇಡ ಅಂದೆಯಲ್ಲ."

"ಅನ್ನಲೇಬೇಕಲ್ಲ."

"ಎರಡನೇ ಸಲ ಆದಮೇಲೆ ನಾನು ಸಿಯಾಟಲ್‌ಗೆ ಟಿಕೆಟ್ ತಗೊಂಡಿದ್ದೆ. ನಮ್ಮಣ್ಣ ಅಲ್ಲಿ ಕೆಲಸ ನೋಡಿದ್ದ."

ಆರ್ಡಿಸಳಿಗೆ ಇದು ಹೊಸ ಸುದ್ದಿ. "ಮತ್ತೆ ಹೋಗಲಿಲ್ಲ?"

"ರೈಲು ತಡ ಆಯ್ತು. ಹಿಮ ಬಿದ್ದು ಹಳಿ ಮುಚ್ಚಿತ್ತು. ಸ್ಟೇಷನ್ನಲ್ಲಿ ಚಳಿ ತಡೀಲಾರದೆ ನಿಮ್ಮನೆಗೆ ಬಂದೆ. ಬಂದ ಮೇಲೆ ಇನ್ನೊಂದು ಸಲ ಕೇಳೋಣ ಅಂತ ಕೇಳಿದೆ." ಅವನು ಒಂದು ಗಾಳವನ್ನು ಬೆಳಕಿಗೆ ಹಿಡಿದು ನೋಡಿದ. "ರೈಲು ಸರಿಯಾದ ಹೊತ್ತಿಗೆ ಬಂದಿದ್ರೆ ನಿನಗೆ ನಾನಿಲ್ಲ, ನನಗೆ ನೀನಿಲ್ಲ. ಪ್ರತಿ ಸಲವೂ ನಿನಗೋಸ್ಕರ ಹಿಮ ಬೀಳಲ್ಲ ಆರ್ಡಿಸ್."

ಅವಳು ಹೋಗಿ ಅವನ ಪಕ್ಕದ ಪೆಟ್ಟಿಗೆಯ ಮೇಲೆ ಕೂತಳು. ಇಷ್ಟು ವರ್ಷದ ಸಂಸಾರ, ಮೂರು ಮಕ್ಕಳು, ಎಲ್ಲವೂ ಒಂದು ತಡವಾದ ರೈಲಿಗೆ ನೇತುಬಿದ್ದಿತ್ತು ಎಂದು ಯೋಚಿಸುತ್ತ, ಅವನು ಬಿಡಿಸಿಟ್ಟ ಗಾಳಗಳನ್ನು ಒಂದೊಂದಾಗಿ ಜೋಡಿಸಿದಳು.

ಸಮಾವೇಶ ಶಾಲೆಯ ಆಟದ ಒಳಾಂಗಣದಲ್ಲಿತ್ತು. ಜಿಲ್ಲೆಯ ಮೂಲೆ ಮೂಲೆಯಿಂದ ಪ್ರತಿನಿಧಿಗಳು ಬಂದು ಮಡಚುವ ಕುರ್ಚಿಗಳಲ್ಲಿ ಕೂತಿದ್ದರು. ಬ್ರಾಡಿಯ ಕಡೆಯವರು ಒಂದೇ ಬಣ್ಣದ ಅಂಗಿ ತೊಟ್ಟು ಮುಂದಿನ ಸಾಲುಗಳನ್ನು ಹಿಡಿದಿದ್ದರು. ಅವನ ಹೆಸರು ಸೂಚಿಸಿದಾಗ ಗದ್ದಲ ಎದ್ದಿತು, ಯಾರೋ ದೋಣಿಯ ಹಾರ್ನನ್ನೂ ಊದಿದರು.

ವೇದಿಕೆಯ ಮೇಲೆ ಟ್ರೆವರ್ ಬಿಳಿಚಿಕೊಂಡಿದ್ದ. ಜನವರಿಯಲ್ಲಿ ಅವನು ಮಾಡಿದ್ದೇನು ಎಂದು ಹೆಂಡತಿ ಕಾರಿ ಅವನಿಗೆ ಕೊನೆಗೂ ಹೇಳಿದ್ದಳು ಎಂಬುದು ಮುಖದಲ್ಲೇ ಬರೆದಿತ್ತು. ಅಧ್ಯಕ್ಷನಾದವನು ಯಾರ ಪರವೂ ಮಾತಾಡುವಂತಿಲ್ಲ. ಆದರೆ ಬೇರೆ ಹೆಸರುಗಳಿವೆಯೇ ಎಂದು ಮೂರು ಸಲ ಕೇಳಿಯೇ ಪಟ್ಟಿ ಮುಗಿಸಬೇಕು ಎಂಬುದು ಅಲ್ಲಿನ ಪದ್ಧತಿ. ಈ ಸಲ ಬೇಕಾದರೆ ಸಂಜೆಯವರೆಗೂ ಎಳೆದು ಎಳೆದು ಕೇಳುತ್ತೇನೆ ಎಂಬಂತೆ ಅವನು ಮೈಕನ್ನು ಎರಡು ಕೈಯಲ್ಲಿ ಹಿಡಿದುಕೊಂಡ.

"ಬೇರೆ ಯಾವುದಾದ್ರೂ ಹೆಸರು ಇದೆಯಾ?"

ಅದು ಮೊದಲನೆಯ ಸಲ. ಊರಿನವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಮೂರನೆಯ ಸಲಕ್ಕೆ ಯಾರಾದರೂ ಏಳಬಹುದೇನೋ ಎಂದು ಎಲ್ಲರಿಗೂ ಆಸೆ, ಆ ಯಾರಾದರೂ ತಾನಲ್ಲ ಎಂದು ಎಲ್ಲರಿಗೂ ಖಾತ್ರಿ.

"ಇದೆ," ಎಂದಳು ಆರ್ಡಿಸ್. ಎದ್ದು ನಿಂತಿದ್ದಳು. "ಆರ್ಡಿಸ್ ಕ್ವಾಮಿ."

ಹಿಂದಿನ ಸಾಲಿನಲ್ಲಿ ಯಾರದೋ ಕಪ್ಪು ನೆಲಕ್ಕೆ ಬಿತ್ತು.

"ಜನವರಿಯಲ್ಲಿ ಬೇಡ ಅಂದೆ. ಅದು ಸುಳ್ಳು. ಸುಳ್ಳು ಅಂತ ನಿಮಗೆಲ್ಲಾ ಗೊತ್ತಿತ್ತು, ಟ್ರೆವರ್ ಒಬ್ಬನಿಗೆ ಗೊತ್ತಿರಲಿಲ್ಲ. ಅವನ ತಪ್ಪೇನೂ ಇಲ್ಲ, ನನ್ನ ಮಾತನ್ನ ನಂಬಿದ. ಈಗ ನಿಜ ಹೇಳ್ತೀನಿ. ನನಗೆ ಬೇಕು." ಅವಳ ಕಿವಿ ಕೆಂಪಾಗಿತ್ತು. "ವಾರ್ಡು ಮತ್ತೆ ತೆರೀಬೇಕು, ಅದನ್ನ ತೆರೆಸೋಳು ನಾನೇ ಆಗ್ಬೇಕು ಅಂತ ಆಸೆ. ಆಚೆ ಪಕ್ಷದೋರ ಜೊತೆ ಕೂತು, ಜಗಳ ಆಡಿ, ಅರ್ಧ ಅವರದು ಅರ್ಧ ನಮ್ಮದು ಅಂತ ಮಾಡ್ಕೊಂಡು ಬರೋದು ನನಗೆ ಇಷ್ಟ. ತುಂಬಾ ಇಷ್ಟ. ಬ್ರಾಡಿಯೂ ಒಳ್ಳೆ..." ಎಂದು ಅಭ್ಯಾಸಬಲದಿಂದ ಶುರುಮಾಡಿ ನಿಲ್ಲಿಸಿದಳು. ಉಸಿರು ಎಳೆದುಕೊಂಡಳು. "ಈ ಕೆಲಸಕ್ಕೆ ಬ್ರಾಡಿಗಿಂತ ನಾನು ವಾಸಿ."

ಇಂಥ ಮಾತು ಆ ಕಟ್ಟಡದೊಳಗೆ ಯಾರೂ ಆಡಿರಲಿಲ್ಲ. ಒಬ್ಬ ಮುದುಕ ತನ್ನ ಶ್ರವಣಯಂತ್ರವನ್ನು ತೆಗೆದು ನೋಡಿ ಮತ್ತೆ ಹಾಕಿಕೊಂಡ.

ಮೊದಲ ಸುತ್ತಿನ ಮತ ಎಣಿಸಿದಾಗ ಬ್ರಾಡಿ ಮುಂದಿದ್ದ, ಆದರೆ ಗೆಲ್ಲಲು ಬೇಕಾದಷ್ಟು ಮತ ಯಾರಿಗೂ ಬಂದಿರಲಿಲ್ಲ. ವಿಚಿತ್ರವೆಂದರೆ ಖಾಲಿ ಚೀಟಿಗಳ ರಾಶಿ. ಟ್ರೆವರ್ ಅವನ್ನು ತಿರುಗಿಸಿ ಮುರುಗಿಸಿ ನೋಡಿದ. "ಇಷ್ಟು ಜನ ಏನೂ ಬರೀದೆ ಹಾಕಿದಾರಲ್ಲ, ಇದೇನು?" ಎಂದ. ಊರಿನವರು ಮತ್ತೆ ಬೂಟು ನೋಡಿಕೊಂಡರು. ಬ್ರಾಡಿ ಎದ್ದು ರಾಜಿ ಇಲ್ಲ ಎಂದು ಇನ್ನೊಮ್ಮೆ ಗುಡುಗಿದ. ಆರ್ಡಿಸ್ ಎದ್ದು, "ನನಗೆ ಇನ್ನೂ ಬೇಕು," ಎಂದಷ್ಟೇ ಹೇಳಿ ಕೂತಳು.

ಎರಡನೆಯ ಸುತ್ತಿನಲ್ಲೂ ಅದೇ ಕತೆ, ಅದೇ ಖಾಲಿ ರಾಶಿ. ಮಾನವನ್ನೂ ಕಳೆದುಕೊಂಡೆ, ಕುರ್ಚಿಯನ್ನೂ ಕಳೆದುಕೊಂಡೆ ಎಂದುಕೊಂಡಳು ಆರ್ಡಿಸ್. ಸುಮ್ಮನೆ ಹೆಸರು ವಾಪಸು ತಗೊಂಡುಬಿಡಲೇ ಎಂದು ವೆಂಡೆಲನ ಕಡೆ ನೋಡಿದಳು. ಅವನು ಚಾವಣಿ ನೋಡುತ್ತ, ಹಿಮ ಬೀಳುತ್ತಿದೆಯೇ ಎಂದು ಪರೀಕ್ಷಿಸುವವನ ಹಾಗೆ, ಅಂಗೈ ಮೇಲೆ ಮಾಡಿ ಹಿಡಿದ. ಅದು ಏಪ್ರಿಲ್, ಹೊರಗೆ ಬಿಸಿಲಿತ್ತು. ಅವಳಿಗೆ ನಗುವೂ ಬಂತು, ಧೈರ್ಯವೂ ಬಂತು. ಮೂರನೆಯ ಸಲ ಎದ್ದಳು.

"ಕೇಳ್ತಾ ಇದೀನಿ," ಎಂದಳು. "ದಯವಿಟ್ಟು ನನ್ನನ್ನ ಕಳಿಸಿ."

ಮೂರನೆಯ ಸುತ್ತಿನಲ್ಲಿ ಖಾಲಿ ಚೀಟಿ ಒಂದೂ ಇರಲಿಲ್ಲ. ಟ್ರೆವರ್ ಆರ್ಡಿಸ್ ಗೆದ್ದ ಅಂಕಿ ಓದಿ ಮುಗಿಸಿ ಮೈಕು ಬಿಟ್ಟು ಕೆಳಗೆ ಓಡಿಬಂದ. ದೋಣಿಯ ಹಾರ್ನು ಮತ್ತೆ ಕೇಳಲಿಲ್ಲ. ಜನ ಈ ಸಲ ಯಾರೂ ಹೇಳದೆ ಎದ್ದು ನಿಂತರು.

ಎಲ್ಲ ಮುಗಿದ ಮೇಲೆ ಆರ್ಡಿಸ್ ಶಾಲೆಯ ಅಡುಗೆಮನೆಗೆ ಹೋದಳು. ಲಾವೊನ್ ಅಲ್ಲಿ ಕಪ್ಪುಗಳನ್ನು ಒರೆಸುತ್ತಿದ್ದಳು. ಆರ್ಡಿಸ್ ಒಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತಳು.

"ಮೊದಲನೇ ಸುತ್ತಲ್ಲಿ ನೀನು ನನಗೇ ಹಾಕಿದೆ ತಾನೇ?"

ಲಾವೊನ್ ಒಂದು ಕಪ್ಪನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. "ಖಾಲಿ ಹಾಕಿದೆ."

"ಎರಡನೇ ಸುತ್ತಲ್ಲಿ?"

"ಅದೂ ಖಾಲಿ ಕಣೇ. ನಮ್ಮ ಸಾಲಿನೋರೆಲ್ಲಾ ಖಾಲೀನೇ. ಕೇಳಿದ ತಕ್ಷಣ ಹೂಂ ಅನ್ನೋಕಾಗುತ್ತಾ? ನೋಡಿದೋರು ಏನಂದ್ಕೊಳ್ತಾರೆ?"

ಆರ್ಡಿಸ್ ಬಟ್ಟೆಯನ್ನು ಕೆಳಗಿಟ್ಟಳು. "ಮಾರಾಯ್ತಿ, ನಾನು ಮೂರನೇ ಸಲ ಏಳ್ದೇ ಇದ್ದಿದ್ರೆ?"

"ಏಳ್ತೀಯ ಅಂತ ಗೊತ್ತಿತ್ತು," ಎಂದಳು ಲಾವೊನ್. ಅವಳ ಕಣ್ಣಲ್ಲಿ ನೀರಿತ್ತು. "ಟ್ರಕ್ಕಲ್ಲಿ ಆ ಕೂಸು ಹುಟ್ಟಿದ ರಾತ್ರಿ ನಾನು ಎಷ್ಟು ಸಲ ಫೋನ್ ಮಾಡಿದ್ರೂ ನೀನು ಎತ್ತಿದೆ. ಆಸೆಯಿಲ್ಲದೋರು ಹಾಗೆ ಎತ್ತಲ್ಲ."

ನವೆಂಬರಿನ ಚುನಾವಣೆ ಇನ್ನೂ ದೂರವಿತ್ತು, ಮಸೂದೆ ಅದಕ್ಕಿಂತ ದೂರ. ಮೇಜಿನ ಮೇಲೆ ಕೇಕಿನ ತಟ್ಟೆಯಲ್ಲಿ ಕೊನೆಯ ತುಂಡು ಉಳಿದಿತ್ತು, ಇನ್ನೂ ಯಾರೂ ಅರ್ಧ ಮಾಡಿರಲಿಲ್ಲ. ಆರ್ಡಿಸ್ ಅದನ್ನು ಇಡಿಯಾಗಿ ಎತ್ತಿ ಬಾಯಿಗೆ ಹಾಕಿಕೊಂಡಳು.

"ನಿನ್ನದು ಬೇರೆ ಥರ ಆಗಿಬಿಡ್ತು," ಎಂದಳು ಲಾವೊನ್. "ಕಾಫಿ ಬೇಕಾ?"

"ಹೂಂ," ಎಂದಳು ಆರ್ಡಿಸ್, ಬಾಯಿ ತುಂಬ ಕೇಕು. "ಕಪ್ಪು ತುಂಬ ಕೊಡು."